ಮೂರೂ ತಿರುಗುವ ತನಕ

ಒಂದು ಗಂಟೆ ಹದಿನೆಂಟು ನಿಮಿಷ. ಶುಕ್ರವಾರ ಮಧ್ಯಾಹ್ನ. ಎಣ್ಣೆ ಕಂಪನಿಯ ವಿಚಾರಣಾ ವರದಿಯಲ್ಲಿ ಒಂದು ಮೂವತ್ತೊಂದು ಎಂದು ಬರೆದಿದ್ದಾರೆ. ಅದು ಬೆಂಕಿ ಕಣ್ಣಿಗೆ ಬಿದ್ದ ಹೊತ್ತು. ಕೆಟ್ಟದ್ದು ಶುರುವಾದದ್ದು ಅದಕ್ಕೂ ಹದಿಮೂರು ನಿಮಿಷ ಮೊದಲು. ನಾನು ಗೋಡೆಯ ಗಡಿಯಾರ ನೋಡಿ, ಆಮೇಲೆ ಮಾಲೀಕನ ಮುಖ ನೋಡಿ, 'ಹೂಂರಿ' ಎಂದಾಗ.

ಅದೇ ವರದಿಯ ಕೊನೆಯ ಪುಟದಲ್ಲಿ ಇನ್ನೊಂದು ಸಾಲಿದೆ: 'ಹಿರಿಯ ನೌಕರನು ಇಂಧನ ಇಳಿಸುವ ವೇಳೆಯಲ್ಲಿ ಪ್ರಾರ್ಥನೆಗೆಂದು ಜಾಗ ಬಿಟ್ಟು ಹೋಗಿದ್ದೇ ಅವಘಡಕ್ಕೆ ಕಾರಣ.' ಅದರ ಕೆಳಗೆ ಸಾಕ್ಷಿಯೆಂದು ನನ್ನ ಸಹಿ ಇದೆ. ಆ ಒಂದು ಸಾಲಿನಿಂದ, ಬೆಂಕಿಗೆ ಸಿಕ್ಕು ಸತ್ತ ಆ ನೌಕರರ ಹೆಂಡತಿಗೆ ಪರಿಹಾರ ತಪ್ಪಿತು, ಸತ್ತವರ ಮಾನ ಹೋಯಿತು. ಆದ್ದರಿಂದ ಇದನ್ನು ಶ್ರದ್ಧಾಂಜಲಿ ಎಂದು ಓದಬೇಡಿ. ಅವರು ಎಂಥವರೆಂದು ಗೊತ್ತಾದರೆ ಆ ಸಾಲು ಎಷ್ಟು ದೊಡ್ಡ ಸುಳ್ಳು ಎಂಬುದು ತಾನಾಗಿ ಗೊತ್ತಾಗುತ್ತದೆ. ಅಷ್ಟಕ್ಕಾಗಿ ಬರೆಯುತ್ತಿದ್ದೇನೆ. ವರದಿಯಲ್ಲಿ ಅವರ ಹೆಸರು ಏಳು ಸಲ ಬಂದಿದೆ. ಇಲ್ಲಿ ಒಂದು ಸಲವೂ ಬರುವುದಿಲ್ಲ. ನಾವೆಲ್ಲ ಅವರನ್ನು ಉಸ್ತಾದ್ ಎಂದು ಕರೆಯುತ್ತಿದ್ದೆವು.

ಗದಗದಿಂದ ಮುಂಡರಗಿಗೆ ಹೋಗುವ ರಸ್ತೆಯಲ್ಲಿ ನಮ್ಮ ಪೆಟ್ರೋಲ್ ಬಂಕು. ಎದುರಿಗೆ ದೂರದಲ್ಲಿ ಕಪ್ಪತಗುಡ್ಡದ ಸಾಲು, ಅದರ ಮೇಲೆ ಗಾಳಿಯಂತ್ರಗಳು. ನಾನು ಅಲ್ಲಿ ಹಗಲು ಪಾಳಿಯ ಮೇಲ್ವಿಚಾರಕಿ. ಬೆಟಗೇರಿಯ ನೇಕಾರರ ಮನೆಯವಳು, ರಸಾಯನಶಾಸ್ತ್ರ ಓದಿ ಪದವಿ ಪಡೆದವಳು. ಉಸ್ತಾದ್ ಅಲ್ಲಿ ಮೂವತ್ತು ವರ್ಷಗಳಿಂದ ಇದ್ದವರು. ಟ್ಯಾಂಕರ್ ಲಾರಿ ಬಂದರೆ ಅದರ ಎಣ್ಣೆಯನ್ನು ನೆಲದಡಿಯ ಟಾಕಿಗೆ ಇಳಿಸುವುದು ಅವರ ಕೆಲಸ. ಟಾಕಿಯ ಮುಚ್ಚಳದ ಕೀಲಿಕೈ ಅವರ ಅಂಗಿಯ ಒಳಜೇಬಿನಲ್ಲಿರುತ್ತಿತ್ತು. ನಾನು ಸೇರಿದ ಮೊದಲ ದಿನವೇ ಅವರು ನನ್ನ ದುಪಟ್ಟಾದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು.

"ನೇಕಾರ್ರ ಮಗಳಂತಿ, ನೈಲಾನ್ ಹಾಕ್ಕೊಂಡು ಬಂದೀ. ನಾಚಿಕಿ ಬರೂದಿಲ್ಲೇನವಾ? ಮೈಮ್ಯಾಲೆ ಕಿಡಿ ಹೊತಗೊಂಡು ಈ ಅಂಗಳಾ ತುಳೀಬ್ಯಾಡ."

"ಗೊತ್ತೈತ್ರಿ. ಸ್ಥಿರ ವಿದ್ಯುತ್ತು ಅಂತ ಓದೀನಿ" ಎಂದೆ.

"ಓದಿ ಮತ್ತ ಹಾಕ್ಕೊಂಡಿ? ಹಂಗಾರ ಓದದಾಕಿನ ಚಲೋ."

ಅಂದಿನಿಂದ ನನ್ನ ಹೆಸರು 'ಬಿಎಸ್ಸಿ' ಆಯಿತು. ಮರುದಿನದಿಂದ ಹತ್ತಿಯ ದುಪಟ್ಟಾ ಹೊದ್ದು ಹೋದೆ. ಅವರ ಮುಂದೆ ಅಳಬಾರದೆಂದು ಮೊದಲ ತಿಂಗಳೆಲ್ಲ ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತಿದ್ದೇನೆ. ಸೌಮ್ಯ ಮನುಷ್ಯರೇನೂ ಅಲ್ಲ ಅವರು.

ಲಾರಿ ಬಂದೊಡನೆ ಕೊಳವೆ ಹಚ್ಚಲು ಬಿಡುತ್ತಿರಲಿಲ್ಲ. ಮೊದಲು ತಾಮ್ರದ ತಂತಿಯ ಚಿಮ್ಮಟವನ್ನು ಲಾರಿಯ ಮೈಗೆ ಕಚ್ಚಿಸಬೇಕು. ಮೈಯಲ್ಲಿ ಸೇರಿದ ಕರೆಂಟು ಭೂಮಿಗೆ ಇಳಿಯಲಿ ಎಂದು. ಆಮೇಲೆ ಲಾರಿ 'ದಣಿವಾರಿಸಿಕೊಳ್ಳಬೇಕು'. ಎಲ್ಲರ ಮೊಬೈಲುಗಳೂ ಒಂದು ಎನಾಮೆಲ್ ಬೋಗುಣಿಯೊಳಗೆ ಬಿದ್ದು ನನ್ನ ಕೋಣೆಗೆ ಹೋಗಬೇಕು. ರಸ್ತೆಯಾಚೆಯ ಚಹಾದಂಗಡಿಯ ಒಲೆ ಆರಬೇಕು. ಅಂಗಡಿಯವನು ಪ್ರತಿ ಸಲವೂ ಗೊಣಗುತ್ತಿದ್ದ: "ಉಸ್ತಾದ್, ನನ್ನ ವ್ಯಾಪಾರದ ಗತಿ?"

"ನಿನ್ನ ಚಹಾ ಕುಡದು ಸಾಯೂದು ನಿಧಾನಲೇ. ನಾ ಜಲ್ದಿ ಸಾಯೂದರ ಬಗ್ಗೆ ಮಾತಾಡಾಕತ್ತೀನಿ."

ಇಷ್ಟೆಲ್ಲ ಆದಮೇಲೆ ಅವರು ಅಂಗಳದ ನಡುವೆ ನಿಂತು, ಕೈಯನ್ನು ಹಣೆಗೆ ಅಡ್ಡ ಹಿಡಿದು, ಗುಡ್ಡದತ್ತ ನೋಡುತ್ತಿದ್ದರು. ನಮ್ಮ ಅಂಗಳದಿಂದ ಮೂರು ಗಾಳಿಯಂತ್ರಗಳು ಸ್ಪಷ್ಟವಾಗಿ ಕಾಣುತ್ತವೆ. ಮೂರೂ ತಿರುಗುತ್ತಿದ್ದರೆ "ಬಿಡ್ರಿ" ಎನ್ನುವರು. ಇಲ್ಲವಾದರೆ ಲಾರಿ ಕಾಯಬೇಕು, ಅರ್ಧ ಗಂಟೆಯೋ, ಎರಡು ಗಂಟೆಯೋ.

ಇದಕ್ಕೆ ಕಾರಣವಿತ್ತು. ಪೆಟ್ರೋಲು ಟಾಕಿಯೊಳಗೆ ಇಳಿಯುವಾಗ ಒಳಗಿನ ಆವಿ ಗೋಡೆಯ ಪಕ್ಕದ ಎತ್ತರದ ಕೊಳವೆಯಿಂದ ಹೊರಗೆ ಬರುತ್ತದೆ. ಗಾಳಿ ಇದ್ದರೆ ಚದುರಿ ಹೋಗುತ್ತದೆ. ಇಲ್ಲವಾದರೆ, ಅದು ಗಾಳಿಗಿಂತ ಭಾರ, ಕೆಳಗಿಳಿದು ನೆಲದ ಮೇಲೆ ಹರಡಿಕೊಂಡು ಕಿಡಿಗಾಗಿ ಕಾಯುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವರು ಗುಡ್ಡದ ಮೇಲೆ ಓದುತ್ತಿದ್ದರು.

"ಆಜೂಬಾಜೂ ಎರಡು ಅದಾವಲ್ಲ, ಅವು ಗುಡ್ಡದ ಭುಜದ ಮ್ಯಾಲೆ ಅದಾವು. ಅವು ತಿರಗಿದ್ರ ಕೆಳಗೂ ಗಾಳಿ ಐತಿ ಅಂತ ತಿಳಿ. ನಡುವಿಂದು ನೆತ್ತಿ ಮ್ಯಾಲೆ ನಿಂತೈತಿ. ಅದು ಸುಳ್ಳಬುರುಕ. ಇಲ್ಲಿ ಬೇವಿನ ಎಲಿ ಅಲುಗದಿದ್ರೂ ಅದು ತಿರಗತೈತಿ. ಮೂರೂ ತಿರಗೂ ತನಕ ಮುಚ್ಚಳಾ ತೆಗೀಬಾರ್ದು. ತಿಳೀತಿಲ್ಲೋ?"

ತಿಳಿದಿತ್ತು. ಚೆನ್ನಾಗಿ ತಿಳಿದಿತ್ತು.

ಆ ಗಾಳಿಯಂತ್ರಗಳನ್ನು ತಂದ ಉದ್ದನೆಯ ಲಾರಿಗಳು ನಮ್ಮ ಬಂಕಿನಲ್ಲೇ ಡೀಸೆಲ್ ಹಾಕಿಸಿಕೊಂಡು ಹೋಗಿದ್ದವಂತೆ. ಒಂದೊಂದು ರೆಕ್ಕೆಯೂ ಒಂದು ಓಣಿಯಷ್ಟು ಉದ್ದ. "ನಮ್ಮನ್ನ ಮುಳುಗಿಸೋ ಮಂದಿಗೆ ನಾನ ಎಣ್ಣಿ ಹಾಕಿ ಕಳಿಸೀನಿ" ಎಂದು ಉಸ್ತಾದ್ ನಗುತ್ತಿದ್ದರು. ಅವರಿಗೆ ಹೊಸತರ ಮೇಲೆ ಸಿಟ್ಟಿರಲಿಲ್ಲ. ಬಂಕಿನವರಲ್ಲಿ ಮೊದಲು ಕರೆಂಟಿನ ಸ್ಕೂಟರ್ ಕೊಂಡವರೇ ಅವರು. ಹೇಗಿದೆ ಎಂದು ಕೇಳಿದರೆ, "ಗಾಡಿ ಚಲೋ ಐತಿ. ಆದ್ರ ಸಪ್ಪಳ ಇಲ್ಲ ನೋಡು, ಹಿಂದ ಕುಂತ ಬೇಗಮ್ ಬೈಯೂದು ಪೂರಾ ಕೇಳಸ್ತೈತಿ" ಎನ್ನುವರು.

ಹದಿನಾರನೇ ವಯಸ್ಸಿನಲ್ಲಿ ಅವರು ಶಿರಹಟ್ಟಿಯ ಒಂದು ಸೀಮೆಎಣ್ಣೆ ಡಿಪೋದಲ್ಲಿ ಕೆಲಸಕ್ಕೆ ಸೇರಿದ್ದರು. ಸೀಮೆಎಣ್ಣೆಯ ಕಾಲ ಮುಗಿದದ್ದನ್ನು ಹತ್ತಿರದಿಂದ ನೋಡಿದವರು. ಒಮ್ಮೆ ಲಾರಿಗೆ ಕಾಯುತ್ತ ಕುಳಿತಾಗ ಹೇಳಿದರು: "ಚಿಮಣಿ ಎಣ್ಣಿ ಹೋಗೂ ಹೊತ್ತಿನ್ಯಾಗ ಮಂದಿ ಭಾಳ ಸುಟಗೊಂಡ್ರು, ಬಿಎಸ್ಸಿ. ಹೆಂಗೂ ಹೊಂಟೈತಿ ಅಂತ ತೂತು ಬಿದ್ದ ಡಬ್ಬಿ ಬದಲಿ ಮಾಡ್ಲಿಲ್ಲ, ಹರದ ಬತ್ತಿ ಬದಲಿ ಮಾಡ್ಲಿಲ್ಲ. ಹೋಗೂದಕ್ಕ ಯಾರೂ ಮರ್ಯಾದಿ ಕೊಡೂದಿಲ್ಲ. ಈಗ ಪೆಟ್ರೋಲಿನ ಪಾಳಿ. ಹೋಗ್ಲಿ ಬಿಡು. ಆದ್ರ ಕಡೀ ಹನಿನೂ ಮೊದಲನೇ ಹನಿಯಷ್ಟ ಸುಡತೈತಿ."

ಈ ಮಾತಿನ ಅರ್ಥವಾಗದೆ ಹೋದದ್ದು ಮಾಲೀಕನಿಗೆ. ಅವನು ಲಕ್ಷ್ಮೇಶ್ವರದವನು; ಅಪ್ಪ ಕಟ್ಟಿದ ಬಂಕು ಅವನ ಕೈಗೆ ಬಂದಿತ್ತು. ಅವನನ್ನು ಬಹುವಚನದಲ್ಲಿ ಕರೆಯುವುದನ್ನು ನಾನು ಬಿಟ್ಟಿದ್ದೇನೆ. ಎಣ್ಣೆ ಇಳಿಸುವ ಕೊಳವೆ ಸೀಳಿದೆ, ಹೊಸದು ಬೇಕು ಎಂದರೆ ಅವನದು ಒಂದೇ ಮಾತು: "ನೆಟ್ ಝೀರೋ ಅಂತ, ಹೊಗಿ ಪೂರಾ ಬಂದ್ ಅಂತ ಸರಕಾರನ ಹೇಳಾಕತ್ತೈತಿ. ಎಣ್ಣಿ ಧಂದೆ ಇನ್ನ ಹತ್ತ ವರ್ಷ ನಡದ್ರ ಭಾಳ. ಕೆಡವಾಕ ನಿಂತ ಮನಿಗೆ ನನ್ನ ಕಡಿಂದ ಬಣ್ಣಾ ಹಚ್ಚಸ್ತೀರೇನು?" ಹಳೆಯದಕ್ಕೆ ಖರ್ಚಿಲ್ಲ, ಹೊಸದಕ್ಕೆ ಅವಸರ. ಕರೆಂಟಿನ ಗಾಡಿಗಳಿಗೆ ಚಾರ್ಜ್ ಮಾಡುವ ಯಂತ್ರ ತರಿಸಿದ. ಅದನ್ನು ಅಂಗಳದ ಆಚೆ ತುದಿಯಲ್ಲಿ ಕೂರಿಸಬೇಕಿತ್ತು. ಅಲ್ಲಿಯ ತನಕ ಕಾಂಕ್ರೀಟು ಅಗೆದು ಕೇಬಲ್ ಎಳೆಯಬೇಕಲ್ಲ ಎಂದು ಮೀಟರ್ ಪೆಟ್ಟಿಗೆಯ ಪಕ್ಕದಲ್ಲೇ, ಅಂದರೆ ಆವಿ ಬರುವ ಕೊಳವೆಯ ಕೆಳಗೇ ಕೂರಿಸಿದ.

ಉಸ್ತಾದ್ ಆ ದಿನ ಸುಣ್ಣದ ಡಬ್ಬಿ ತಂದು, ಕೊಳವೆಯ ಸುತ್ತ ಹೆಜ್ಜೆಗಳಲ್ಲಿ ಅಳೆದು, ನೆಲದ ಮೇಲೆ ದೊಡ್ಡ ವೃತ್ತ ಎಳೆದರು. ಯಂತ್ರ ಅದರ ಒಳಗೇ ಇತ್ತು.

"ಈ ಗೆರಿ ಒಳಗ ಕರೆಂಟು ಬರಬಾರ್ದ್ರಿ."

"ಉಸ್ತಾದ್, ಇದು ಹೊಸಾ ಟೆಕ್ನಾಲಜಿ. ನಿಮಗ ತಿಳಿಯೂದಿಲ್ಲ. ನಾ ಲಕ್ಷ್ಮೇಶ್ವರದಾಗ ಕುಂತು ಮೊಬೈಲಿಂದನ ಚಾಲೂ ಬಂದ್ ಮಾಡಬಹುದು."

"ನೀವು ಎಲ್ಲಿ ಕುಂತು ಚಾಲೂ ಮಾಡಿದ್ರೂ ಕಿಡಿ ಇಲ್ಲೇ ಹಾರತೈತಿ, ಸಾವಕಾರ್ರ."

ಮಾಲೀಕ ನಕ್ಕ. ಅಲ್ಲಿದ್ದ ನಾವೂ ನಕ್ಕೆವು. ಅಂದಿನಿಂದ ಲಾರಿ ಬಂದಾಗಲೆಲ್ಲ ಉಸ್ತಾದ್ ಆ ಯಂತ್ರದ ಪರದೆಯ ಮೇಲೆ ಬೆರಳೊತ್ತಿ ಅದನ್ನು ನಿಲ್ಲಿಸುವುದನ್ನೂ ತಮ್ಮ ಪದ್ಧತಿಗೆ ಸೇರಿಸಿಕೊಂಡರು.

ಅವರು ಏನನ್ನೂ ಮರೆಯುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಗೇಟಿನ ಬಳಿ ಬೀಡಿ ಹಚ್ಚಿದ ಒಬ್ಬ ಲಾರಿ ಚಾಲಕನ ಜೊತೆ ಅವರು ಕೊನೆಯವರೆಗೂ ಮಾತಾಡಲಿಲ್ಲ. ಆ ಚಾಲಕ ಕಾಲು ಮುಟ್ಟಲು ಬಂದರೂ ಹಿಂದೆ ಸರಿದರು. 'ಇರ್ಲಿ ಬಿಡ್ರಿ ಉಸ್ತಾದ್' ಎಂದೆ ಒಮ್ಮೆ. "ನಾ ಮರತ್ರ ಅಂವ ಮತ್ತ ಹಚ್ಚತಾನ" ಎಂದರು. ಕ್ಷಮಿಸದೇ ಇರುವುದೂ ಕಾವಲು ಕಾಯುವ ಒಂದು ರೀತಿ ಎಂದು ನನಗೆ ಕಲಿಸಿದವರು ಅವರೇ.

ಆ ಶುಕ್ರವಾರ ಲಾರಿ ಬಂದಾಗ ಒಂದಿಷ್ಟೂ ಗಾಳಿ ಇರಲಿಲ್ಲ. ಉಸ್ತಾದ್ ತಂತಿ ಕಚ್ಚಿಸಿದರು, ಚಾರ್ಜಿಂಗ್ ಯಂತ್ರ ನಿಲ್ಲಿಸಿದರು, ಗುಡ್ಡ ನೋಡಿದರು. ನಮಾಜಿನ ಹೊತ್ತಾಗಿತ್ತು. ಹೊಲದಾಚೆಯ ಸಣ್ಣ ಮಸೀದಿಗೆ ನಡೆದು ಹೋಗಿ ಬರಲು ಅರ್ಧ ಗಂಟೆ ಬೇಕು. ಹೋಗುವ ಮುನ್ನ ಒಳಜೇಬಿನಿಂದ ಕೀಲಿಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ಸೇರಿದ ನಾಲ್ಕು ವರ್ಷದಲ್ಲಿ ಅದೇ ಮೊದಲು.

"ಹೊಲದಾಗ ಹೋಗೂ ಮುಂದ ಎಲ್ಲೆರ ಬಿದ್ರ ಇಡೀ ದಿನಾ ಹುಡುಕಬೇಕಾಗ್ತೈತಿ. ನಿನ್ನ ಕೈಯಾಗಿರ್ಲಿ. ನಾ ಬರೂ ತನಕ ಮುಚ್ಚಳಾ ಮುಟ್ಟಬ್ಯಾಡ."

ಅವರು ಹೋದ ಸ್ವಲ್ಪ ಹೊತ್ತಿಗೆ ಮಾಲೀಕ ಬಂದ. ಕಾರಿನಲ್ಲಿ ಇಬ್ಬರು ಅತಿಥಿಗಳು. ಹೊಸ ಯಂತ್ರ ನೋಡಲು ಬಂದವರು. ಪೆಟ್ರೋಲು ಖಾಲಿಯಾಗಿ ಬೈಕಿನವರು ವಾಪಸು ಹೋಗುತ್ತಿದ್ದರು. ಅತಿಥಿಗಳ ಮುಂದೆ ಅವನಿಗೆ ಅವಮಾನ.

"ಲಾರಿ ಯಾಕ ಸುಮ್ನ ನಿಂತೈತಿ?"

"ಗಾಳಿ ಇಲ್ರಿ. ಉಸ್ತಾದ್ ಬರ್ಲಿ ಅಂತ..."

"ಇಲ್ಲ ಅಂತ ಯಾರಂದ್ರು? ನೋಡಲ್ಲೆ, ತಿರಗಾಕತ್ತೈತಿ." ಅವನು ಗುಡ್ಡದತ್ತ ಬೆರಳು ಮಾಡಿದ. ನಡುವಿನ ಯಂತ್ರ ನಿಧಾನವಾಗಿ ತಿರುಗುತ್ತಿತ್ತು. ಆಚೆ ಈಚೆಯ ಎರಡೂ ಅಲುಗದೆ ನಿಂತಿದ್ದವು. "ನಿಮ್ಮ ಉಸ್ತಾದ್ ಹೇಳೂದು ಇದನ್ನ ಅಲ್ಲೇನು? ತೆಗಿ. ಇಲ್ಲಂದ್ರ ನಾಳಿಂದ ನೀನೂ ಮಸೀದಿಗೆ ಹೋಗು."

ಅತಿಥಿಗಳು ನಕ್ಕರು. ನಾನು ಗಡಿಯಾರ ನೋಡಿದೆ. ಒಂದು ಹದಿನೆಂಟು. ಉಸ್ತಾದ್ ಬರಲು ಇನ್ನು ಸ್ವಲ್ಪವೇ ಹೊತ್ತು ಬೇಕಿತ್ತು. ಬಾಯಿ ಬಿಟ್ಟು 'ಮೂರೂ ತಿರುಗಬೇಕು' ಎಂದಿದ್ದರೆ ಸಾಕಿತ್ತು. 'ಹೂಂರಿ' ಎಂದೆ. ಬೀಗ ತೆಗೆದೆ. ಲಾರಿಯವನು ಕೊಳವೆ ಹಚ್ಚಿ ವಾಲ್ವ್ ತಿರುಗಿಸಿದ. ಮಾಲೀಕ ಅತಿಥಿಗಳನ್ನು ಕರೆದುಕೊಂಡು ಊಟಕ್ಕೆಂದು ಮುಂಡರಗಿ ಕಡೆ ಹೊರಟ.

ಆಮೇಲೆ ಒಂದು ಕರೆಂಟಿನ ಆಟೋ ಬಂತು. ಚಾಲಕ ಯಂತ್ರದ ಕೇಬಲ್ಲನ್ನು ಆಟೋಗೆ ಸಿಕ್ಕಿಸಿ, ಚಾಲೂ ಆಗದ್ದನ್ನು ಕಂಡು, ಯಂತ್ರದ ಮೇಲೆ ಬರೆದ ಮಾಲೀಕನ ನಂಬರಿಗೆ ಫೋನು ಮಾಡಿದ. "ಆತು, ಇಲ್ಲಿಂದನ ಚಾಲೂ ಮಾಡ್ತೀನಿ" ಎಂದು ಆ ಕಡೆಯಿಂದ ಉತ್ತರ ಬಂತಂತೆ. ನಾನು ದೂರದಲ್ಲಿ ಲಾರಿಯ ಹತ್ತಿರ ಇದ್ದೆ. ನೆಲದ ಮೇಲೆ ಮೊಣಕಾಲೆತ್ತರಕ್ಕೆ ಏನೋ ನಡುಗುತ್ತಿರುವುದು ಕಂಡಿತು, ಬಿಸಿಲಿಗೆ ಡಾಂಬರು ನಡುಗಿದ ಹಾಗೆ. ನಾನು ಕೂಗಲಿಲ್ಲ.

ಯಂತ್ರದ ಒಳಗೆ ಟಕ್ ಎಂದಿತು.

ನೀಲಿ ಬೆಂಕಿ ನೀರು ಹರಿದ ಹಾಗೆ ನೆಲದ ಮೇಲೆ ಹರಿದು ಬಂತು. ಆಟೋದವನು ಕೈ ಸುಟ್ಟುಕೊಂಡು ರಸ್ತೆಗೆ ಓಡಿದ. ಲಾರಿ ಚಾಲಕನೂ ಓಡಿದ. ನಾನು ಓಡಲೂ ಇಲ್ಲ. ಹೊಲದ ಕಡೆಯಿಂದ ತಲೆಗೆ ಕರವಸ್ತ್ರ ಕಟ್ಟಿದ ಒಬ್ಬ ಮನುಷ್ಯ ಬರಿಗಾಲಲ್ಲಿ ಬೆಂಕಿಯತ್ತ ಓಡಿ ಬರುತ್ತಿದ್ದುದು ಕಂಡಿತು. ಉಸ್ತಾದ್ ನನ್ನನ್ನು ಹಿಂದಕ್ಕೆ ನೂಕಿದರು. ಲಾರಿಯ ಹೊಟ್ಟೆಯ ಕೆಳಗೆ ಬಗ್ಗಿ, ತೋಳು ಉರಿಯುತ್ತಿದ್ದರೂ, ವಾಲ್ವನ್ನು ಎರಡೂ ಕೈಯಿಂದ ಪೂರ್ತಿ ತಿರುಗಿಸಿ ಮುಚ್ಚಿದರು. ಆಮೇಲೆ ಕುಸಿದರು. ಲಾರಿ ಉಳಿಯಿತು. ಎದುರಿನ ಅಂಗಡಿಗಳು, ಅವುಗಳ ಹಿಂದಿನ ಮನೆಗಳು, ನಾನು, ಎಲ್ಲ ಉಳಿದೆವು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರು ಒಂಬತ್ತು ದಿನ ಬದುಕಿದ್ದರು. ನಾಲ್ಕನೇ ದಿನ ನನ್ನನ್ನು ಒಳಗೆ ಬಿಟ್ಟರು.

"ನಡುವಿಂದು ಸುಳ್ಳು ಅಂತ ಹೇಳಿದ್ದೆ" ಎಂದರು.

"ಹೌದ್ರಿ."

"ಸಾವಕಾರಗ ಹೇಳು. ಮಾಫಿ ಗೀಫಿ ಏನೂ ಇಲ್ಲ. ಅಂವನ್ನ ಬಿಡಬ್ಯಾಡ."

"ನನಗ್ರಿ?"

"ನಿಂದು ವಿಚಾರ ಮಾಡಬೇಕು. ನಾಳಿ ಹೇಳ್ತೀನಿ ಬಾ." ಮರುದಿನ ಹೋದಾಗ ಅವರಿಗೆ ಮಾತು ನಿಂತಿತ್ತು.

ಅವರು ತೀರಿಕೊಂಡ ವಾರದಲ್ಲೇ ನಾನು ಸಹಿ ಹಾಕಿದ್ದು. ಮಾಲೀಕನ ವಕೀಲ ನನ್ನ ಹೇಳಿಕೆಯೆಂದು ಟೈಪು ಮಾಡಿಸಿ ತಂದಿದ್ದ; ಅದೇ ವರದಿಯ ಕೊನೆಯ ಪುಟವಾಯಿತು. "ಹೋದವರಿಗೆ ಇದರಿಂದ ಏನೂ ಆಗೂದಿಲ್ಲ. ಇರೂ ನೀವು ಉಳೀತೀರಿ" ಎಂದ. ಅದರಲ್ಲಿ ನಾನು ಬೀಗ ತೆಗೆದದ್ದೂ ಇರಲಿಲ್ಲ, ಮಾಲೀಕ ಬಂದದ್ದೂ ಇರಲಿಲ್ಲ. ಅವನು ಬೆಳಗಿನಿಂದ ಮುಂಡರಗಿಯಲ್ಲಿದ್ದ ಎಂದಿತ್ತು. ಕ್ಯಾಮೆರಾ ಸುಟ್ಟಿತ್ತು. ಓಡಿಹೋದ ಲಾರಿ ಚಾಲಕ ತಾನೇನೂ ನೋಡಿಲ್ಲ ಎಂದಿದ್ದ. ಹೆದರಿಕೊಂಡೇ ಪೆನ್ನು ಹಿಡಿದೆ; ಸಹಿ ಮಾತ್ರ ಸ್ಪಷ್ಟವಾಗಿ ಬಿತ್ತು.

ಐದು ತಿಂಗಳಲ್ಲಿ ಮಾಲೀಕ ವಿಮೆಯ ದುಡ್ಡಿನಿಂದ ಅದೇ ಜಾಗದಲ್ಲಿ ಬರೀ ಚಾರ್ಜಿಂಗ್ ನಿಲ್ದಾಣ ಕಟ್ಟಿಸಿದ. ಮೇಲೆ ಸೌರಫಲಕ, ಕೆಳಗೆ ಹಸಿರು ಬಣ್ಣ. ನನಗೆ ಎಸಿ ಕೋಣೆ, ಕಂಪ್ಯೂಟರು, ಹೆಚ್ಚಿನ ಪಗಾರ. ಉದ್ಘಾಟನೆಯ ದಿನ ಮೈಕು ಹಿಡಿದು ಹೇಳಿದ: "ನಮ್ಮ ಹಿರಿಯ ನೌಕರರೊಬ್ಬರನ್ನ ಕಳಕೊಂಡ್ವಿ. ಒಳ್ಳೆಯವರು. ಆದರೆ ಹಳೇ ಮಂದಿ; ಹೊಸ ಕಾಲಕ್ಕೆ ಹೊಂದಿಕೊಳ್ಳಲಿಲ್ಲ. ಪೆಟ್ರೋಲಿನ ಯುಗ ಅವರ ಜೊತೆಗೇ ಹೋಯಿತು." ಜನ ಚಪ್ಪಾಳೆ ತಟ್ಟಿದರು.

ಅಲ್ಲಿಯ ತನಕ ನನ್ನೊಳಗೆ ಇದ್ದದ್ದು ಬರೀ ಭಯ. ಫ್ರಿಜ್ಜು ಟಕ್ ಎಂದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದೆ. ಆ ಚಪ್ಪಾಳೆಯ ನಡುವೆ ಭಯ ಹೋಗಿ ಬೇರೇನೋ ಬಂದು ಕೂತಿತು. ಅದಕ್ಕೆ ನಾನು ಒಳ್ಳೆಯ ಹೆಸರು ಕೊಡುವುದಿಲ್ಲ. ಅವನು ಕುಸಿಯುವುದನ್ನು ನೋಡಬೇಕು ಎನಿಸಿತು, ಅಷ್ಟೆ.

ಮರುದಿನ ಕಂಪ್ಯೂಟರಿನ ಮುಂದೆ ಕೂತು ಹುಡುಕಿದೆ. ಸುಟ್ಟುಹೋದ ಹಳೆಯ ಯಂತ್ರದ ಜಾತಕವೆಲ್ಲ, ಯಾವಾಗ ಚಾಲೂ ಯಾವಾಗ ಬಂದ್ ಎಂಬ ದಾಖಲೆ, ಅದನ್ನು ಮಾಡಿದವರ ದೂರದ ಕಂಪ್ಯೂಟರಿನಲ್ಲಿತ್ತು. ನಿಲ್ದಾಣ ನಡೆಸುವವಳೆಂದು ಅದನ್ನು ತೆರೆಯುವ ಗುಪ್ತಪದವನ್ನು ನನಗೆ ಮಾಲೀಕನೇ ಕೊಟ್ಟಿದ್ದ. ಆ ಶುಕ್ರವಾರದ ಪುಟದಲ್ಲಿ ಎರಡು ಸಾಲು. ಒಂದು ಗಂಟೆಗೆ ಮೊದಲು: ಯಂತ್ರದ ಪರದೆಯಿಂದ ಬಂದ್. ಒಂದು ಮೂವತ್ತೊಂದಕ್ಕೆ: ಮಾಲೀಕನ ಮೊಬೈಲಿನಿಂದ ಚಾಲೂ. ಮೊದಲನೆಯದು ಉಸ್ತಾದರ ಬೆರಳು. ಎರಡನೆಯದು ಅವನದು. ಹೊಸ ಟೆಕ್ನಾಲಜಿ ಅವನಿಗಿಂತ ಪ್ರಾಮಾಣಿಕವಾಗಿತ್ತು.

ಆ ಕಾಗದ ಹಿಡಿದು ಮುಂಡರಗಿಗೆ, ಉಸ್ತಾದರ ಮನೆಗೆ ಹೋದೆ. ಅವರ ಹೆಂಡತಿ ಎಲ್ಲ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಮತ್ತ ಬೀಗಾ ತೆಗದವರ್ಯಾರು?"

ನಾನು ತಲೆ ತಗ್ಗಿಸಿದೆ. "ನಾನರಿ."

ಅವರು ಎದ್ದು ಒಳಗೆ ಹೋದರು. ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದುಕೊಂಡೆ. ನೀರಿನ ಲೋಟ ತಂದು ನನ್ನ ಮುಂದೆ ಕುಕ್ಕಿದರು. "ಹಂಗಾರ ಅದನ್ನೂ ಬರಸು. ಅರ್ಧಾ ಖರೆ ತಗೊಂಡು ನನ್ನ ಮನಿಗೆ ಬರಬ್ಯಾಡ."

ಸೋಮವಾರ ಗದಗದ ಠಾಣೆಯಲ್ಲಿ ಹಳೆಯ ಹೇಳಿಕೆ ಸುಳ್ಳೆಂದು ಬರೆದುಕೊಟ್ಟೆ. ಒಂದು ಹದಿನೆಂಟರಿಂದ ಒಂದು ಮೂವತ್ತೊಂದರ ತನಕ ನಿಮಿಷ ನಿಮಿಷದ್ದೂ ಬರೆಸಿದೆ. ವಿಚಾರಣೆಯಲ್ಲಿ ಯಾರೂ ಕೇಳದಿದ್ದ ಆಟೋದವನನ್ನೂ ಕರೆದೊಯ್ದಿದ್ದೆ; ಅವನು ಸುಟ್ಟ ಕೈ ತೋರಿಸಿ, ಮಾಲೀಕನಿಗೆ ಮಾಡಿದ ಫೋನಿನ ಹೊತ್ತು ತೋರಿಸಿ, ನನ್ನ ಪಕ್ಕದಲ್ಲೇ ಹೇಳಿಕೆ ಕೊಟ್ಟ. "ಅವ್ವಾ, ನೀವ ಬೀಗಾ ತೆಗದ್ರಿ ಅಂತ ಖರೆನ ಬರಕೊಳ್ಳಲೇನು?" ಎಂದು ಬರೆಯುವ ಪೊಲೀಸಿನವನು ಎರಡು ಸಲ ಕೇಳಿದ. ಎರಡು ಸಲವೂ ಹೌದೆಂದೆ.

ಸಂಜೆ ಮಾಲೀಕನ ಫೋನು ಬಂತು. "ಹುಚ್ಚಿ ಏನ ನೀ? ನನ್ನ ಜೋಡಿ ನೀನೂ ಒಳಗ ಹೋಗ್ತಿ."

"ಹೌದ್ರಿ, ಕೂಡೇ ಹೋಗೂಣು" ಎಂದೆ. "ದಾರಿಯೊಳಗ ಮಾತಾಡಾಕ ಭಾಳ ಐತಿ." ಆ ಕಡೆ ಅವನು ಉಸಿರಾಡುವುದು ಕೇಳಿಸುತ್ತಿತ್ತು. ಅದು ನಡುಗುತ್ತಿತ್ತು. ನಾನು ಫೋನಿಡದೆ ಪೂರ್ತಿ ಕೇಳಿಸಿಕೊಂಡೆ.

ಬುಧವಾರ ಮಧ್ಯಾಹ್ನ ಅವನನ್ನು ಲಕ್ಷ್ಮೇಶ್ವರದ ಮನೆಯಿಂದ ಕರೆದೊಯ್ದರು. ಒಂದನೇ ಆರೋಪಿ ಅವನು, ಎರಡನೆಯವಳು ನಾನು. ತನಿಖಾಧಿಕಾರಿಯ ಹೊಸ ಟಿಪ್ಪಣಿಯಲ್ಲಿ ಉಸ್ತಾದರ ಬಗ್ಗೆ ಬರೆದದ್ದನ್ನು ಠಾಣೆಗೆ ಹೋಗಿದ್ದ ಆಟೋದವನು ಫೋನಿನಲ್ಲಿ ಓದಿ ಹೇಳಿದ: 'ಸದರಿಯವರು ಎಲ್ಲ ಮುನ್ನೆಚ್ಚರಿಕೆ ವಹಿಸಿಯೇ ತೆರಳಿದ್ದರು.' ಆ ಸಾಲನ್ನು ಮೂರು ಸಲ ಓದಿಸಿಕೊಂಡೆ.

ಅಂದು ಊಟ ಮಾಡಿ ಹಾಸಿಗೆಗೆ ಬಂದದ್ದು ನೆನಪಿದೆ. ಆಮೇಲಿನದು ಅವ್ವ ಹೆಗಲು ಹಿಡಿದು ಅಲುಗಿಸಿದ್ದು. ಕಿಟಕಿಯ ತುಂಬ ಬಿಸಿಲು. ಓಣಿಯ ಮಗ್ಗಗಳೆಲ್ಲ ಆಗಲೇ ಶುರುವಾಗಿದ್ದವು. ಅಷ್ಟು ಸಪ್ಪಳದಲ್ಲೂ ಎಚ್ಚರವಾಗಿರಲಿಲ್ಲ.

"ಏಳಬೇ, ಎಂಟು ಹೊಡೀತು. ಹೊರಗ ಪೊಲೀಸರು ಬಂದಾರ." ಅವ್ವ ಅಳುತ್ತಿದ್ದಳು.

"ಕುಂಡ್ರಸಿ ಚಹಾ ಕೊಡವಾ" ಎಂದೆ. "ನಾ ಇನ್ನೊಂದ ಐದ ನಿಮಿಷ ಮಕ್ಕೊಂತೀನಿ."